ಅರ್ಜಿ ಮೊದಲು, ಸುತ್ತಿಗೆ ಆಮೇಲೆ

ಬೆಂಗಳೂರಿನ ಯಾವ ಆಫೀಸಿನಲ್ಲಾದರೂ ಎಐ ಬಗ್ಗೆ ಸ್ವಲ್ಪ ಅನುಮಾನದ ಮಾತಾಡಿ ನೋಡಿ. ಪಕ್ಕದಲ್ಲಿರುವ ಯಾರಾದರೂ ನಕ್ಕು, 'ನೀವೇನು ಲುಡೈಟಾ?' ಎಂದು ಕೇಳಿಬಿಡುತ್ತಾರೆ. ಹೊಸದನ್ನು ಕಂಡರೆ ಹೆದರುವವನು, ಕಾಲ ಓಡುತ್ತಿದ್ದರೂ ಕಟ್ಟೆಯ ಮೇಲೆ ಕೂತಿರುವವನು ಎಂಬ ಅರ್ಥದಲ್ಲಿ ಆ ಪದ ಬಳಕೆಯಲ್ಲಿದೆ. ಒಂಥರಾ ನಯವಾದ ಬೈಗುಳ.

ಆದರೆ ಒಂದು ಸಂಗತಿ ಈ ಬೈಗುಳದ ಬುಡವನ್ನೇ ಅಲ್ಲಾಡಿಸುತ್ತದೆ. 1811ರಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ಸುತ್ತಮುತ್ತ ಲುಡೈಟರು ಎಂದು ಹೆಸರಾದ ಕೆಲಸಗಾರರು ಸುತ್ತಿಗೆಯೆತ್ತಿ ಒಡೆದ ಯಂತ್ರ ಹೊಸದಾಗಿರಲೇ ಇಲ್ಲ. ಕಾಲುಚೀಲ ಹೆಣೆಯುವ ಆ ಚೌಕಟ್ಟನ್ನು ಅದೇ ಜಿಲ್ಲೆಯ ವಿಲಿಯಂ ಲೀ ಎಂಬಾತ ರೂಪಿಸಿದ್ದು 1589ರಲ್ಲಿ. ಅಂದರೆ ಯಂತ್ರಕ್ಕೆ ಆಗಲೇ 220 ವರ್ಷ ವಯಸ್ಸು. ಒಡೆದವರ ಅಪ್ಪ, ಅಜ್ಜ, ಮುತ್ತಜ್ಜ ಎಲ್ಲರೂ ಅದರ ಮುಂದೆ ಕೂತೇ ಹೊಟ್ಟೆ ಹೊರೆದಿದ್ದರು. ಅದರ ಒಂದೊಂದು ಸೂಜಿಯೂ ಅವರಿಗೆ ಗೊತ್ತು. ಮತ್ತೆ ಯಾಕೆ ಒಡೆದರು?

ಇದಕ್ಕೆ ಉತ್ತರ ಬೇಕಾದರೆ ಯಂತ್ರವನ್ನು ಬಿಟ್ಟು ಅದರ ಬಾಡಿಗೆಯನ್ನು ನೋಡಬೇಕು. ಹೆಣೆಯುವವರು ತಮ್ಮ ಮನೆಯಲ್ಲೋ ಹಳ್ಳಿಯ ಸಣ್ಣ ಅಂಗಡಿಯಲ್ಲೋ ಕೂತು ಕೆಲಸ ಮಾಡುತ್ತಿದ್ದರು. ಚೌಕಟ್ಟು ಹೆಚ್ಚಾಗಿ ವ್ಯಾಪಾರಿಯದು. ಅವನೇ ನೂಲು ಕೊಡುತ್ತಿದ್ದ, ಅವನೇ ಕಾಲುಚೀಲ ಕೊಳ್ಳುತ್ತಿದ್ದ, ದರ ಹೇಳುವವನೂ ಅವನೇ. ಇದರ ಮೇಲೆ ಚೌಕಟ್ಟಿಗೆ ವಾರದ ಬಾಡಿಗೆ. ಕೆಲಸ ಇಲ್ಲದ ವಾರವೂ ಬಾಡಿಗೆ ಕಟ್ಟಬೇಕು. ಸಾಲ ಮಾಡಿ ಕಾರು ತಂದು ಆ್ಯಪ್‌ಗೆ ಹಾಕಿದವರಿಗೆ ಈ ಲೆಕ್ಕ ಬಿಡಿಸಿ ಹೇಳುವುದು ಬೇಡ.

ಇಷ್ಟಾದರೂ ಎರಡು ಶತಮಾನ ಬದುಕು ಹೇಗೋ ನಡೆದಿತ್ತು. ಕೆಲಸ ಕಲಿಯಲು ಏಳು ವರ್ಷ ಶಿಷ್ಯನಾಗಿರಬೇಕು ಎಂಬ ಕಟ್ಟಳೆ ಇತ್ತು. ದರಕ್ಕೆ ಒಂದು ರೂಢಿ ಇತ್ತು. 19ನೇ ಶತಮಾನ ಶುರುವಾಗುವ ಹೊತ್ತಿಗೆ ವ್ಯಾಪಾರಿಗಳು ಎರಡು ಉಪಾಯ ಕಂಡುಕೊಂಡರು. ಅಗಲದ ಚೌಕಟ್ಟಿನಲ್ಲಿ ಉದ್ದ ಬಟ್ಟೆ ಹೆಣೆಸಿ, ಕತ್ತರಿಸಿ, ಕಾಲಿನ ಆಕಾರಕ್ಕೆ ಹೊಲಿಸಿ ಮಾರುವುದು ಒಂದು. ಅದಕ್ಕೆ 'ಕಟ್-ಅಪ್' ಎಂದು ಹೆಸರು. ಅಗ್ಗ ಏನೋ ಹೌದು, ಆದರೆ ಹೊಲಿಗೆ ಬೇಗ ಬಿಟ್ಟುಕೊಳ್ಳುತ್ತಿತ್ತು. ಶಿಷ್ಯವೃತ್ತಿ ಮುಗಿಸದ ಹುಡುಗರನ್ನು ಕಡಿಮೆ ಕೂಲಿಗೆ ತಂದು ಕೂರಿಸುವುದು ಇನ್ನೊಂದು. ಒಟ್ಟಿನಲ್ಲಿ ಮಾಲು ಕೆಟ್ಟಿತು, ಕಸುಬಿನ ಹೆಸರು ಕೆಟ್ಟಿತು, ದರ ಕುಸಿಯಿತು.

ಕಾಲವೂ ಕೆಟ್ಟದಾಗಿತ್ತು. ನೆಪೋಲಿಯನ್ ಜೊತೆಗಿನ ಯುದ್ಧ ಮುಗಿಯುವ ಲಕ್ಷಣ ಇರಲಿಲ್ಲ. ಯುರೋಪಿನ ಮಾರುಕಟ್ಟೆಗೆ ದಾರಿ ಬಂದ್ ಆಗಿತ್ತು, ಅಮೆರಿಕದ ವ್ಯಾಪಾರವೂ ನಿಂತಿತ್ತು. ಬೆಳೆ ಕೈಕೊಟ್ಟು ಗೋಧಿಯ ಬೆಲೆ ಏರಿತ್ತು. ಕೂಲಿ ಇಳಿಯುತ್ತಿದ್ದ ಹೊತ್ತಿಗೇ ರೊಟ್ಟಿ ದುಬಾರಿಯಾಯಿತು.

ಲುಡೈಟರ ಕಥೆ ಹೇಳುವಾಗ ಸಾಮಾನ್ಯವಾಗಿ ಹಾರಿಸಿಬಿಡುವ ಒಂದು ಅಧ್ಯಾಯ ಇದೆ. ಜವಳಿ ಕೆಲಸಗಾರರು ಸುತ್ತಿಗೆ ಹಿಡಿಯುವ ಮೊದಲು ವರ್ಷಗಟ್ಟಲೆ ಅರ್ಜಿ ಹಿಡಿದು ಓಡಾಡಿದ್ದರು. ಯಾರ್ಕ್‌ಶೈರ್‌ನಲ್ಲಿ ಉಣ್ಣೆ ಬಟ್ಟೆಯ ಮೇಲ್ಮೈ ಕತ್ತರಿಸಿ ನುಣುಪು ಮಾಡುವ 'ಕ್ರಾಪರ್' ಎಂಬ ನುರಿತ ಕೆಲಸಗಾರರಿದ್ದರು. ಅವರ ಕೆಲಸ ಕಸಿಯುವ ಒಂದು ಬಗೆಯ ಯಂತ್ರದ ವಿರುದ್ಧ 16ನೇ ಶತಮಾನದ ಕಾನೂನೇ ಇತ್ತು. ಅದನ್ನು ಜಾರಿ ಮಾಡಿ ಎಂದು ಕೇಳಲು ಅವರು ಚಂದಾ ಎತ್ತಿದರು, ವಕೀಲರನ್ನು ಇಟ್ಟರು, ಸಂಸತ್ತಿಗೆ ಹೋದರು. 1806ರಲ್ಲಿ ಸಂಸತ್ತಿನ ಸಮಿತಿ ವಿಚಾರಣೆ ನಡೆಸಿತು. 1809ರಲ್ಲಿ ಸಂಸತ್ತು ಆ ಹಳೆಯ ಕಾನೂನುಗಳನ್ನೇ ರದ್ದು ಮಾಡಿತು. ಕಾನೂನು ಪಾಲಿಸಿ ಎಂದು ಕೇಳಿದವರಿಗೆ, ಕಾನೂನೇ ಇಲ್ಲ ಹೋಗಿ ಎಂಬ ಉತ್ತರ ಸಿಕ್ಕಿತು. ಲಂಕಾಶೈರ್‌ನ ಹತ್ತಿ ನೇಕಾರರು 1808ರಲ್ಲಿ ಕನಿಷ್ಠ ಕೂಲಿಯ ಮಸೂದೆ ಕೇಳಿದ್ದರು. ಅದೂ ಬಿದ್ದುಹೋಯಿತು.

ಹಾಗಾದರೆ ಸಂಘ ಕಟ್ಟಿ ಮುಷ್ಕರ ಮಾಡಬಹುದಿತ್ತಲ್ಲ? ಆಗುತ್ತಿರಲಿಲ್ಲ. 1799 ಮತ್ತು 1800ರ ಕಾಯ್ದೆಗಳು ಕೆಲಸಗಾರರು ಒಟ್ಟಾಗಿ ಕೂಲಿ ಕೇಳುವುದನ್ನೇ ಅಪರಾಧ ಮಾಡಿದ್ದವು. ಆ ನಿಷೇಧ ಹೋಗಿದ್ದು 1824ರಲ್ಲಿ. ಮತ ಹಾಕೋಣವೆಂದರೆ ಇವರಲ್ಲಿ ಬಹುಪಾಲು ಜನರಿಗೆ ಮತವೇ ಇರಲಿಲ್ಲ.

1811ರ ಮಾರ್ಚ್ 11ರಂದು ನಾಟಿಂಗ್‌ಹ್ಯಾಮ್ ಪೇಟೆಯಲ್ಲಿ ಕೆಲಸಗಾರರು ಸೇರಿ ಕೂಲಿಗಾಗಿ ಕೂಗಿದರು. ಸೈನಿಕರು ಬಂದು ಚದುರಿಸಿದರು. ಆ ರಾತ್ರಿ ಹತ್ತಿರದ ಆರ್ನಾಲ್ಡ್ ಹಳ್ಳಿಯಲ್ಲಿ 60ಕ್ಕೂ ಹೆಚ್ಚು ಚೌಕಟ್ಟುಗಳು ಪುಡಿಯಾದವು. ವರ್ಷ ಕಳೆಯುವ ಹೊತ್ತಿಗೆ ಒಡೆದವುಗಳ ಲೆಕ್ಕ ಸುಮಾರು 1,000 ಮುಟ್ಟಿತ್ತು. ಎಚ್ಚರಿಕೆಯ ಪತ್ರಗಳ ಕೆಳಗೆ ಒಂದೇ ಸಹಿ: ನೆಡ್ ಲುಡ್. ಕೆಲವೊಮ್ಮೆ ಜನರಲ್ ಲುಡ್, ಕೆಲವೊಮ್ಮೆ ರಾಜ ಲುಡ್. ಲೆಸ್ಟರ್ ಹತ್ತಿರದ ಆನ್‌ಸ್ಟಿ ಹಳ್ಳಿಯ ಒಬ್ಬ ಹುಡುಗ 1779ರಲ್ಲಿ ಸಿಟ್ಟಿಗೆದ್ದು ಚೌಕಟ್ಟು ಒಡೆದಿದ್ದನಂತೆ, ಅವನ ಹೆಸರೇ ಇದಂತೆ. ಅಂತೆಕಂತೆಯ ಮನುಷ್ಯ ಎಂದಿಟ್ಟುಕೊಳ್ಳಿ. ಸರ್ಕಾರ ಅವನನ್ನು ಎಷ್ಟು ಹುಡುಕಿದರೂ ಸಿಗಲಿಲ್ಲ, ಇದ್ದರೆ ತಾನೇ ಸಿಗುವುದು! ಅವನ 'ಕಚೇರಿ'ಯ ವಿಳಾಸ ಷರ್ವುಡ್ ಕಾಡು, ಅಂದರೆ ರಾಬಿನ್ ಹುಡ್‌ನ ಕಾಡು. ಕೆಲಸಗಾರರಿಗೆ ಹಾಸ್ಯಪ್ರಜ್ಞೆಗೂ ಕೊರತೆ ಇರಲಿಲ್ಲ.

ಆದರೆ ಪತ್ರದ ಒಳಗಿದ್ದುದು ತಮಾಷೆ ಅಲ್ಲ. 17ನೇ ಶತಮಾನದಲ್ಲಿ ರಾಜ ಎರಡನೇ ಚಾರ್ಲ್ಸ್ ಈ ಕಸುಬಿನ ಸಂಘಕ್ಕೆ ಕೊಟ್ಟ ಸನ್ನದನ್ನು ಅವು ಉಲ್ಲೇಖಿಸುತ್ತಿದ್ದವು. ನಿಯಮ ಮುರಿದ ಮಾಲೀಕನ ಚೌಕಟ್ಟು ಒಡೆಯಲು ನಮಗೆ ಹಕ್ಕಿದೆ ಎಂಬ ಧಾಟಿ. ಅಂದರೆ ತಮ್ಮನ್ನು ತಾವು ದಂಗೆಕೋರರು ಎಂದುಕೊಳ್ಳದೆ, ಸರ್ಕಾರ ಕೈಬಿಟ್ಟ ಕಾನೂನನ್ನು ಜಾರಿ ಮಾಡುವವರು ಎಂದುಕೊಂಡಿದ್ದರು. ಒಡೆಯುವುದರಲ್ಲೂ ಆಯ್ಕೆ ಇತ್ತು. ಒಂದೇ ಊರಿನಲ್ಲಿ, ಕೆಲವು ಕಡೆ ಒಂದೇ ಕೋಣೆಯಲ್ಲಿ, ದರ ಇಳಿಸಿದವನ ಚೌಕಟ್ಟು ಚೂರಾದರೆ ಸರಿಯಾದ ದರ ಕೊಡುತ್ತಿದ್ದವನದು ಹಾಗೇ ಉಳಿಯುತ್ತಿತ್ತು. ಯಂತ್ರದ್ವೇಷಿಗಳು ಹೀಗೆ ಲೆಕ್ಕ ಹಾಕಿ ಒಡೆಯುತ್ತಾರಾ? ಗಲಭೆಯ ಮೂಲಕ ನಡೆಸಿದ ಚೌಕಾಸಿ ಎಂದು ಇದನ್ನು ಕರೆದ ಇತಿಹಾಸಕಾರರಿದ್ದಾರೆ. ಆ ಮಾತು ನನಗೂ ಸರಿ ಅನಿಸುತ್ತದೆ. ಹೆದರಿದ ಕೆಲವು ವ್ಯಾಪಾರಿಗಳು ದರ ಏರಿಸಿದ್ದೂ ಉಂಟು.

ಯಾರ್ಕ್‌ಶೈರ್‌ನ ಕಥೆ ಬೇರೆ. ಅಲ್ಲಿ ಯಂತ್ರ ನಿಜಕ್ಕೂ ಹೊಸದು, ಕೆಲಸವನ್ನೇ ನುಂಗುವಂಥದ್ದು. ಕ್ರಾಪರ್‌ನ ಕತ್ತರಿ ಸುಮಾರು ನಾಲ್ಕಡಿ ಉದ್ದ, 18 ಕಿಲೋ ಹತ್ತಿರದ ಭಾರ. ಅದನ್ನು ದಿನವಿಡೀ ಆಡಿಸಿದವನ ಮಣಿಕಟ್ಟಿನ ಮೇಲೆ ಗೊರಸಿನಂತೆ ದಪ್ಪ ಚರ್ಮ ಬೆಳೆಯುತ್ತಿತ್ತು. ಕೈ ನೋಡಿದರೆ ಕಸುಬು ತಿಳಿಯುತ್ತಿತ್ತು. ಹೊಸ ಕತ್ತರಿ ಚೌಕಟ್ಟು ಇಂಥ ಹಲವರ ಕೆಲಸವನ್ನು ಒಬ್ಬನ ಕೈಗೆ ಕೊಟ್ಟಿತು. ಹಡರ್ಸ್‌ಫೀಲ್ಡ್ ಹತ್ತಿರದ ಮಾರ್ಸ್‌ಡನ್ ಊರಿನ ಇನಕ್ ಟೇಲರ್ ಎಂಬ ಕಮ್ಮಾರ ಆ ಚೌಕಟ್ಟುಗಳನ್ನು ಮಾಡುತ್ತಿದ್ದ. ಅವನ ಕುಲುಮೆಯಿಂದ ದೊಡ್ಡ ಸುತ್ತಿಗೆಗಳೂ ಬರುತ್ತಿದ್ದವು. ಕ್ರಾಪರ್‌ಗಳು ಸುತ್ತಿಗೆಗೇ 'ಇನಕ್' ಎಂದು ಹೆಸರಿಟ್ಟರು. ಇನಕ್ ಮಾಡಿದ್ದನ್ನು ಇನಕ್ಕೇ ಮುರಿಯಲಿ ಎಂಬುದು ಅವರ ಮಾತಾಯಿತು.

1812ರ ಏಪ್ರಿಲ್ 11ರ ರಾತ್ರಿ ನೂರಕ್ಕೂ ಹೆಚ್ಚು ಜನ ಅದೇ ಸೀಮೆಯ ರಾಫೋಲ್ಡ್ಸ್ ಗಿರಣಿಯ ಮೇಲೆ ದಾಳಿ ಮಾಡಿದರು. ಮಾಲೀಕ ವಿಲಿಯಂ ಕಾರ್ಟ್‌ರೈಟ್ ಸೈನಿಕರನ್ನೂ ಆಳುಗಳನ್ನೂ ಒಳಗಿಟ್ಟುಕೊಂಡು ಕಾದಿದ್ದ. ಸುಮಾರು 20 ನಿಮಿಷ ಗುಂಡಿನ ಕಾಳಗ. ಬಾಗಿಲು ಮುರಿಯಲಿಲ್ಲ. ದಾಳಿಗೆ ಬಂದವರಲ್ಲಿ ಇಬ್ಬರು ಗಾಯಗೊಂಡು ಸತ್ತರು, ಸ್ಯಾಮುಯೆಲ್ ಹಾರ್ಟ್ಲಿ ಮತ್ತು ಜಾನ್ ಬೂತ್. ಬೂತ್ ಇನ್ನೂ ಎಳೆಯ ಹುಡುಗ. ಅವನ ಬಗ್ಗೆ ಆ ಸೀಮೆಯಲ್ಲಿ ಒಂದು ಕಥೆ ಇದೆ. ಸಾಯುವ ಹೊತ್ತಿಗೆ ಜೊತೆಗಾರರ ಹೆಸರು ಹೇಳಿಸಲು ಪಾದ್ರಿ ಪಕ್ಕದಲ್ಲೇ ಕೂತಿದ್ದನಂತೆ. ಬೂತ್ ಅವನನ್ನು ಹತ್ತಿರ ಕರೆದು, ಗುಟ್ಟು ಕಾಪಾಡುತ್ತೀರಾ ಎಂದು ಕೇಳಿದನಂತೆ. ಪಾದ್ರಿ ಆಸೆಯಿಂದ ಹೂಂ ಎಂದ. ನಾನೂ ಕಾಪಾಡುತ್ತೇನೆ ಎಂದು ಹುಡುಗ ಕಣ್ಣು ಮುಚ್ಚಿದನಂತೆ. ನಡೆದಿದ್ದೋ ಕಟ್ಟಿದ್ದೋ, ಊರು ಯಾರ ಕಡೆ ಇತ್ತು ಎಂಬುದಂತೂ ಇದರಲ್ಲಿ ಗೊತ್ತಾಗುತ್ತದೆ.

ಎರಡು ವಾರದ ಬಳಿಕ, ಏಪ್ರಿಲ್ 28ರಂದು, ವಿಲಿಯಂ ಹಾರ್ಸ್‌ಫಾಲ್ ಎಂಬ ಗಿರಣಿ ಮಾಲೀಕನನ್ನು ಕುದುರೆ ಮೇಲೆ ಮನೆಗೆ ಹೋಗುವಾಗ ಗುಂಡಿಟ್ಟು ಕೊಂದರು. ಇಲ್ಲಿ ನಾನು ಲುಡೈಟರ ವಕಾಲತ್ತು ನಿಲ್ಲಿಸುತ್ತೇನೆ. ಚೌಕಟ್ಟು ಒಡೆಯುವುದು ಚೌಕಾಸಿ ಇರಬಹುದು, ಕೊಲೆ ಕೊಲೆಯೇ. ಚಳವಳಿಗೆ ಸಿಗುತ್ತಿದ್ದ ಸಹಾನುಭೂತಿಯನ್ನೂ ಅದು ತಿಂದಿತು.

ಲಂಕಾಶೈರ್‌ನಲ್ಲೂ ಆ ಏಪ್ರಿಲ್‌ನಲ್ಲಿ ಬೆಂಕಿ ಎದ್ದಿತು. ಅಲ್ಲಿ ಸಿಟ್ಟು ಹಬೆಯಿಂದ ಓಡುವ ಮಗ್ಗದ ಮೇಲೆ. ವೆಸ್ಟ್‌ಹಾಟನ್ ಗಿರಣಿ ಸುಟ್ಟಿದ್ದಕ್ಕೆ ನಾಲ್ವರನ್ನು ನೇಣಿಗೇರಿಸಿದರು. ಅವರಲ್ಲಿ ಒಬ್ಬ ಇನ್ನೂ ಹುಡುಗ.

ಸರ್ಕಾರ ಈ ಚೌಕಾಸಿಗೆ ಕೊಟ್ಟ ಉತ್ತರ ಮಾತ್ರ ಯುದ್ಧದ ಮಟ್ಟದ್ದು. ಸುಮಾರು 12,000 ಸೈನಿಕರನ್ನು ಈ ಜಿಲ್ಲೆಗಳಿಗೆ ಕಳಿಸಿತು. 1808ರಲ್ಲಿ ಬ್ರಿಟಿಷ್ ಸೇನಾಪತಿ ವೆಲಿಂಗ್ಟನ್ ನೆಪೋಲಿಯನ್ ವಿರುದ್ಧ ಐಬೀರಿಯಕ್ಕೆ, ಅಂದರೆ ಸ್ಪೇನ್-ಪೋರ್ಚುಗಲ್ ಕಡೆಗೆ, ಕರೆದೊಯ್ದ ಸೇನೆಗಿಂತ ಇದು ದೊಡ್ಡದು. ಚೌಕಟ್ಟು ಒಡೆದವರಿಗೆ ಮರಣದಂಡನೆ ಎಂಬ ಕಾಯ್ದೆ 1812ರಲ್ಲಿ ಬಂತು. ಅದನ್ನು ವಿರೋಧಿಸಿ ಸಂಸತ್ತಿನ ಮೇಲ್ಮನೆಯಾದ ಪ್ರಭುಗಳ ಸಭೆಯಲ್ಲಿ ಮಾತಾಡಿದವರು ಬೆರಳೆಣಿಕೆಯಷ್ಟು. ಅವರಲ್ಲಿ 24 ವರ್ಷದ ಕವಿ ಲಾರ್ಡ್ ಬೈರನ್ ಒಬ್ಬ. ಫೆಬ್ರವರಿ 27ರಂದು ಅವನು ಮಾಡಿದ್ದು ಆ ಸಭೆಯಲ್ಲಿ ಅವನ ಮೊದಲ ಭಾಷಣ. 1813ರ ಜನವರಿಯಲ್ಲಿ ಯಾರ್ಕ್‌ನಲ್ಲಿ ಹಾರ್ಸ್‌ಫಾಲ್ ಕೊಲೆಗೆ ಜಾರ್ಜ್ ಮೆಲ್ಲರ್ ಮತ್ತು ಇನ್ನಿಬ್ಬರನ್ನು ನೇಣಿಗೇರಿಸಿದರು. ಎಂಟು ದಿನ ಬಿಟ್ಟು ಒಂದೇ ದಿನ 14 ಜನರನ್ನು.

ನೇಣಿನ ಕಾಯ್ದೆ ಬಂದ 1812ರಲ್ಲೇ ಇನ್ನೊಂದು ದಾರಿಯೂ ತೆರೆದಿತ್ತು. ನಾಟಿಂಗ್‌ಹ್ಯಾಮ್‌ನ ಗ್ರಾವೆನರ್ ಹೆನ್ಸನ್ ಎಂಬ ಹೆಣಿಗೆಗಾರ ಮುಖಂಡ ಕಾನೂನಿನ ಹಾದಿ ಬಿಟ್ಟಿರಲಿಲ್ಲ. ಕಳಪೆ ಮಾಲು ಮತ್ತು ಕೂಲಿಯ ಮೋಸ ತಡೆಯುವ ಮಸೂದೆಯೊಂದನ್ನು ಅವನ ಕಡೆಯವರು ಸಂಸತ್ತಿಗೆ ಒಯ್ದರು. 1812ರ ಜುಲೈನಲ್ಲಿ ಕೆಳಮನೆ ಅದನ್ನು ಒಪ್ಪಿತು, ಪ್ರಭುಗಳ ಸಭೆ ತಿರಸ್ಕರಿಸಿತು. ಯಂತ್ರಕ್ಕೆ ಕಾವಲಾಗಿ ನೇಣಿನ ಕಾನೂನು ತರಲು ಕೆಲವೇ ವಾರ ಸಾಕಾಯಿತು. ಯಂತ್ರದ ಮುಂದೆ ಕೂತವನಿಗೆ ಕಾನೂನು ತರಲು ಅದೇ ಸಂಸತ್ತಿಗೆ ಮನಸ್ಸಾಗಲಿಲ್ಲ. ನನ್ನ ಮಟ್ಟಿಗೆ ಇಡೀ ಕಥೆಯ ತಿರುಳು ಈ ಒಂದು ವರ್ಷದಲ್ಲೇ ಇದೆ.

ಆಮೇಲೂ ಅಲ್ಲಲ್ಲಿ ಕಿಡಿ ಹಾರುತ್ತಿತ್ತು. 1816ರಲ್ಲಿ ಲಫ್‌ಬರೋದಲ್ಲಿ ಜಾನ್ ಹೀತ್‌ಕೋಟ್‌ನ ಲೇಸ್ ಕಾರ್ಖಾನೆ ಮೇಲೆ ದಾಳಿ ಆಯಿತು. ಅವನು ಊರೇ ಬಿಟ್ಟು ದಕ್ಷಿಣದ ಟಿವರ್ಟನ್‌ಗೆ ಹೋದ. ಅವನ ಕೆಲಸಗಾರರು ಹಲವರು ಹಿಂದೆಯೇ ನಡೆದು ಹೋದರು. ಎಲ್ಲ ಕೆಲಸಗಾರರೂ ಒಂದೇ ಪಕ್ಷದಲ್ಲಿ ಇರಲಿಲ್ಲ ಎನ್ನುವುದಕ್ಕೆ ಈ ಮಾತು. 1826ರಲ್ಲಿ ಲಂಕಾಶೈರ್ ನೇಕಾರರು ಕೆಲವೇ ದಿನಗಳಲ್ಲಿ 1,000ಕ್ಕೂ ಹೆಚ್ಚು ಯಂತ್ರಮಗ್ಗ ಒಡೆದರು. ಮಗ್ಗಗಳು ಮತ್ತೆ ಬಂದವು.

ಹಾಗಾದರೆ ಅವರು ಹೆದರಿದ್ದು ಸುಳ್ಳಾಯಿತಾ? ಯಂತ್ರ ಬಂದರೆ ಕೊನೆಗೆ ಕೆಲಸ ಜಾಸ್ತಿಯೇ ಆಗುತ್ತದೆ, ನೋಡಿ ಇಂಗ್ಲೆಂಡ್ ಎಷ್ಟು ಶ್ರೀಮಂತವಾಯಿತು ಎಂಬ ವಾದ ಇಂದಿಗೂ ಓಡಾಡುತ್ತಿದೆ. ಇಡೀ ದೇಶದ ಲೆಕ್ಕದಲ್ಲಿ, ನೂರು ವರ್ಷದ ಅವಧಿಯಲ್ಲಿ ಅದು ನಿಜ. ಆದರೆ ಕ್ರಾಪರ್‌ಗೆ ಬದುಕಲು ನೂರು ವರ್ಷ ಇರಲಿಲ್ಲ. 1817ರಲ್ಲಿ ಯಾರ್ಕ್‌ಶೈರ್ ಕ್ರಾಪರ್‌ಗಳು ಸಲ್ಲಿಸಿದ ಅರ್ಜಿಯೊಂದರ ಪ್ರಕಾರ ಅವರ 3,378 ಜನರಲ್ಲಿ 1,170 ಮಂದಿಗೆ ಕೆಲಸವೇ ಇರಲಿಲ್ಲ, 1,445 ಮಂದಿಗೆ ಅರೆಬರೆ ಕೆಲಸ. ನೋಡಿ, ನೇಣುಗಂಬದ ನಂತರವೂ ಅವರು ಬರೆದದ್ದು ಅರ್ಜಿಯನ್ನೇ. ಬ್ರಿಟನ್ನಿನ ಹತ್ತಿ ಕೈಮಗ್ಗದವರು 1820ರ ದಶಕದಲ್ಲಿ ಸುಮಾರು 2.4 ಲಕ್ಷ ಇದ್ದರು. 1850ರ ಹೊತ್ತಿಗೆ 50 ಸಾವಿರದ ಒಳಗೆ ಬಂದಿದ್ದರು. ಗಿರಣಿಯಲ್ಲಿ ಹೊಸ ಕೆಲಸ ಹುಟ್ಟಿದ್ದು ನಿಜ, ಆದರೆ ಅದರಲ್ಲಿ ಹೆಚ್ಚಿನದು ಸಿಕ್ಕಿದ್ದು ಕಡಿಮೆ ಕೂಲಿಯ ಹೆಂಗಸರಿಗೆ, ಮಕ್ಕಳಿಗೆ. ಒಂಬತ್ತು ವರ್ಷದೊಳಗಿನ ಮಕ್ಕಳನ್ನು ಜವಳಿ ಗಿರಣಿಗೆ ಸೇರಿಸಬಾರದು ಎಂಬ ನಿಯಮಕ್ಕೆ ಹಲ್ಲು ಬಂದಿದ್ದೇ 1833ರಲ್ಲಿ. ಆ ಶತಮಾನದ ಮೊದಲ ಅರ್ಧದಲ್ಲಿ ಒಬ್ಬ ಕೆಲಸಗಾರ ಉತ್ಪಾದಿಸುವ ಪ್ರಮಾಣ ಏರುತ್ತಲೇ ಹೋಯಿತು. ಅವನ ನಿಜವಾದ ಕೂಲಿ ಅದಕ್ಕೆ ತಕ್ಕಂತೆ ಏರಲಿಲ್ಲ.

ನಮ್ಮ ಕಡೆಯ ನೇಕಾರರ ವಿಷಯಕ್ಕೆ ಬಂದರೆ ಒಂದು ವಿಚಿತ್ರ ಕಾಣುತ್ತದೆ. ಲಂಕಾಶೈರ್‌ನ ಯಂತ್ರ ಅಲ್ಲಿನ ನೇಕಾರನಷ್ಟೇ ಇಲ್ಲಿನ ನೇಕಾರನನ್ನೂ ಹೊಡೆಯಿತು. ಆದರೆ ಒಡೆಯಬೇಕೆಂದರೂ ಇವನ ಕೈಗೆ ಯಂತ್ರವೇ ಸಿಗುತ್ತಿರಲಿಲ್ಲ. ಅದು ಏಳು ಸಮುದ್ರದಾಚೆ ಇತ್ತು. ಇಲ್ಲಿಗೆ ಬಂದದ್ದು ಬರೀ ಅಗ್ಗದ ನೂಲು, ಅಗ್ಗದ ಬಟ್ಟೆ. ಮೊದಲು ಮುಳುಗಿದವರು ಮನೆಯಲ್ಲಿ ಕೂತು ನೂಲುತ್ತಿದ್ದ ಹೆಂಗಸರು. ನೇಕಾರ ಗಿರಣಿ ನೂಲನ್ನೇ ಮಗ್ಗಕ್ಕೆ ಏರಿಸಿಕೊಂಡು ಇನ್ನಷ್ಟು ಕಾಲ ಉಸಿರಾಡಿದ. ವಿದೇಶಿ ಬಟ್ಟೆ ಸುಡುವ ಚಳವಳಿ ಬಂದಿದ್ದು ಎಷ್ಟೋ ಆಮೇಲೆ. ಅದರ ಮುಂದಾಳು ಗಾಂಧಿಗೂ ಯಂತ್ರದ್ವೇಷಿ ಎಂಬ ಪಟ್ಟ ಅಂಟಿತು. ಅವರು ಸಿಂಗರ್ ಹೊಲಿಗೆ ಯಂತ್ರವನ್ನು ಮೆಚ್ಚಿದ್ದರು ಎಂಬುದು ಆ ಪಟ್ಟ ಕಟ್ಟಿದವರಿಗೆ ನೆನಪಿರುವುದಿಲ್ಲ. ತಮ್ಮ ತಕರಾರು ಯಂತ್ರದ ಹುಚ್ಚಿನ ಮೇಲೆ, ಯಂತ್ರದ ಮೇಲಲ್ಲ ಎಂದು ಅವರು 1924ರಲ್ಲೇ ಹೇಳಿದ್ದರು. 1931ರಲ್ಲಿ ಅವರು ಲಂಕಾಶೈರ್‌ಗೇ ಹೋದರು. ಅವರ ಬಹಿಷ್ಕಾರದಿಂದಲೂ ಕೆಲಸ ಕಳೆದುಕೊಂಡಿದ್ದ ಗಿರಣಿಯ ಜನ ಅವರನ್ನು ಸುತ್ತುವರಿದು ಜೈಕಾರ ಹಾಕಿದರು.

ಸ್ವತಂತ್ರ ಭಾರತ ಒಂದು ಕೆಲಸ ಮಾಡಿತು. ಹೆನ್ಸನ್‌ಗೆ 1812ರಲ್ಲಿ ಸಿಗದ ಬಗೆಯ ಕಾನೂನನ್ನು 1985ರಲ್ಲಿ ತಂದಿತು. ಕೆಲವು ಬಗೆಯ ಬಟ್ಟೆ ಕೈಮಗ್ಗಕ್ಕೇ ಮೀಸಲು, ಪವರ್‌ಲೂಮ್ ಅದನ್ನು ನೇಯುವಂತಿಲ್ಲ. ಮೊದಲು 22 ಬಗೆ, ಆಮೇಲೆ ಪಟ್ಟಿ 11ಕ್ಕೆ ಇಳಿಯಿತು. ಪವರ್‌ಲೂಮ್ ಮಾಲೀಕರು ಕೋರ್ಟಿಗೆ ಹೋದರು, 1993ರಲ್ಲಿ ಸುಪ್ರೀಂ ಕೋರ್ಟ್ ಕಾಯ್ದೆಯನ್ನು ಎತ್ತಿಹಿಡಿಯಿತು. ಕಾಗದದ ಮೇಲೆ ಗೆಲುವು. ಸಂತೆಯಲ್ಲಿ ಏನಾಯಿತು ಎಂಬುದು ಇಳಕಲ್ ಸೀರೆ ಕೊಳ್ಳಲು ಹೋದವರಿಗೆಲ್ಲ ಗೊತ್ತು. ಒಡಲಿನ ಹಾಸಿಗೂ ಸೆರಗಿನ ಹಾಸಿಗೂ ಎಳೆ ಎಳೆಯಾಗಿ ಕುಣಿಕೆ ಹಾಕಿ ಸೇರಿಸಿದ ಸೀರೆ ಒಂದು ಕಡೆ, ಅದೇ ಬಣ್ಣ ಅದೇ ದಡಿಯ ಪವರ್‌ಲೂಮ್ ಸೀರೆ ಅರ್ಧಕ್ಕೂ ಕಡಿಮೆ ಬೆಲೆಗೆ ಇನ್ನೊಂದು ಕಡೆ. ನಾಟಿಂಗ್‌ಹ್ಯಾಮ್‌ನ 'ಕಟ್-ಅಪ್' ಕಾಲುಚೀಲವೂ ಇದೇ ಆಟ ಆಡಿತ್ತು ಅಲ್ವಾ? 1995ರ ಗಣತಿಯಲ್ಲಿ ದೇಶದಲ್ಲಿ 65 ಲಕ್ಷ ಕೈಮಗ್ಗ ಕೆಲಸಗಾರರಿದ್ದರು. 2019-20ರ ಗಣತಿಯಲ್ಲಿ ಸಿಕ್ಕಿದ್ದು 35.22 ಲಕ್ಷ.

ಈಗ ಚಕ್ರ ಇನ್ನೊಂದು ಸುತ್ತು ತಿರುಗಿದೆ. ದೊಡ್ಡಬಳ್ಳಾಪುರದ ಪವರ್‌ಲೂಮ್ ನೇಕಾರರು ಇತ್ತೀಚಿನ ವರ್ಷಗಳಲ್ಲಿ ಸೂರತ್‌ನಿಂದ ಬರುವ ಸೀರೆಗಳ ವಿರುದ್ಧ ಬೀದಿಗೆ ಇಳಿಯುತ್ತಿದ್ದಾರೆ. ತಾವು ನೇಯುವ ವಿನ್ಯಾಸವನ್ನೇ ಅಲ್ಲಿ ಅತಿವೇಗದ ರೇಪಿಯರ್ ಮಗ್ಗದಲ್ಲಿ ನೇಯ್ದು ಅಗ್ಗಕ್ಕೆ ಸುರಿಯುತ್ತಾರೆ ಎಂಬುದು ಅವರ ದೂರು. ಕೈಮಗ್ಗಕ್ಕೆ ಪವರ್‌ಲೂಮ್ ಏನಾಗಿತ್ತೋ, ಪವರ್‌ಲೂಮಿಗೆ ಇಂದು ರೇಪಿಯರ್ ಅದೇ ಆಗಿದೆ. ಯಂತ್ರದ ಜೊತೆಗೇ ಬದುಕಿದವರು ಇವರು. ಇವರನ್ನು ಯಂತ್ರದ ವಿರೋಧಿಗಳು ಎನ್ನಲಾದೀತಾ?

ಎಐ ವಿಷಯದಲ್ಲಿ ಸುತ್ತಿಗೆ ಎತ್ತಿದವರು ಯಾರೂ ಇಲ್ಲ, ಎತ್ತಿದರೂ ಹೊಡೆಯಲು ಎದುರಿಗೆ ಏನೂ ಇಲ್ಲ. ನಡೆಯುತ್ತಿರುವುದು ಅರ್ಜಿಯ ಕೆಲಸವೇ. 2023ರಲ್ಲಿ ಹಾಲಿವುಡ್‌ನ ಚಿತ್ರಕಥೆಗಾರರು 148 ದಿನ ಮುಷ್ಕರ ಮಾಡಿದರು. ಎಐ ನಿಷೇಧಿಸಿ ಎಂದು ಅವರು ಕೇಳಲಿಲ್ಲ. ಬರಹಗಾರ ಬೇಕೆಂದರೆ ಬಳಸಬಹುದು, ಕಂಪನಿ ಬಲವಂತ ಮಾಡುವಂತಿಲ್ಲ, ಯಂತ್ರ ಬರೆದದ್ದನ್ನು ಕೈಗೆ ಕೊಡುವಾಗ ಹೇಳಿ ಕೊಡಬೇಕು ಎಂದು ಒಪ್ಪಂದದಲ್ಲಿ ಬರೆಸಿಕೊಂಡರು. ಸಂಘ ಕಟ್ಟುವುದು ಅಪರಾಧವಾಗಿದ್ದರೆ ಆ ಮಾತುಕತೆಯೇ ಸಾಧ್ಯವಿರಲಿಲ್ಲ.

ಕರ್ನಾಟಕವೂ 2025ರಲ್ಲಿ ಗಿಗ್ ಕೆಲಸಗಾರರ, ಅಂದರೆ ಆ್ಯಪ್ ಮೂಲಕ ಕೆಲಸ ಮಾಡುವವರ, ಕಾಯ್ದೆ ತಂದಿತು. ಪ್ರತಿ ವಹಿವಾಟಿನ ಮೇಲೆ ಶೇ 1ರಿಂದ 5ರವರೆಗೆ ಕಲ್ಯಾಣ ಶುಲ್ಕ ಎಂಬುದೇ ಹೆಚ್ಚು ಸುದ್ದಿಯಾಯಿತು. ನನ್ನ ಕಣ್ಣಿಗೆ ಬಿದ್ದದ್ದು ಬೇರೆ ಭಾಗ. ಯಾರಿಗೆ ಎಷ್ಟು ಕೆಲಸ, ಎಷ್ಟು ದುಡ್ಡು, ಎಷ್ಟು ರೇಟಿಂಗ್ ಎಂದು ತೀರ್ಮಾನಿಸುವ ತಂತ್ರಾಂಶ ಹೇಗೆ ನಡೆಯುತ್ತದೆ ಎಂದು ಕೇಳುವ ಹಕ್ಕು ಅದರಲ್ಲಿದೆ. ಕರಾರು ಬದಲಿಸುವುದಾದರೆ 14 ದಿನ ಮೊದಲೇ ತಿಳಿಸಬೇಕು. ಬಾಡಿಗೆ ಚೌಕಟ್ಟಿನ ಮುಂದೆ ಕೂತಿದ್ದ ನಾಟಿಂಗ್‌ಹ್ಯಾಮ್‌ನ ಹೆಣಿಗೆಗಾರನಿಗೆ ದರ ಇಳಿದದ್ದು ತಿಳಿಯುತ್ತಿದ್ದುದು ಶನಿವಾರ, ಮಾಲು ಹೊತ್ತು ವ್ಯಾಪಾರಿಯ ಬಾಗಿಲಿಗೆ ಹೋದಾಗ. ಇಂದಿನ ಡೆಲಿವರಿ ಹುಡುಗನಿಗೆ ಅದು ಫೋನಿನಲ್ಲಿ ತಿಳಿಯುತ್ತದೆ. ಆ 14 ದಿನದ ಸೂಚನೆ ಅವನ ಫೋನಿಗೆ ನಿಜವಾಗಿ ಬರುತ್ತದಾ, ಬಂದರೆ ಅವನಿಗೆ ಅರ್ಥವಾಗುವ ಕನ್ನಡದಲ್ಲಿ ಬರುತ್ತದಾ ಎಂದು ಸಿಗ್ನಲ್‌ನಲ್ಲಿ ಪಕ್ಕಕ್ಕೆ ಬಂದು ನಿಂತವನನ್ನೇ ಕೇಳಬೇಕು.